ಶ್ರೀಲತಾಳ ತಲೆಗೆ ಕಟ್ಟಿದ ವಾಸನೆ

ಕುಂದಾಪುರ, ಬೈಂದೂರು, ಬ್ರಹ್ಮಾವರ ಈ ಮೂರೂ ಕಡೆಯ ಮದುವೆಗಳನ್ನು ಮೊದಲಿಂದ ಕೊನೆಯವರೆಗೆ ಕಣ್ಣು ಮಿಟುಕಿಸದೆ ನೋಡಿದವರು ಯಾರಾದರೂ ಇದ್ದರೆ ಅದು ಬೀಜಾಡಿಯ ಶ್ರೀಲತಾ. ನೋಡಿದ್ದಷ್ಟೇ, ಒಂದರಲ್ಲೂ ಉಂಡವಳಲ್ಲ. ಮದುವೆಯ ವಿಡಿಯೋ ಕತ್ತರಿಸಿ ಜೋಡಿಸುವುದು ಅವಳ ಕೆಲಸ. ಕ್ಯಾಮೆರಾದವರು ಮೆಹಂದಿಯಿಂದ ಹಿಡಿದು ಎಂಜಲೆಲೆ ಎತ್ತುವವರೆಗೆ ಕಂಡದ್ದನ್ನೆಲ್ಲ ತೆಗೆದು ತಂದು ಇವಳ ಮುಂದೆ ಸುರಿಯುತ್ತಾರೆ. ಅದರಲ್ಲಿ ಬಾಯ್ತುಂಬ ಹೋಳಿಗೆ ತುರುಕಿಕೊಂಡ ಸೋದರಮಾವನನ್ನು ತೆಗೆದು, ಕಣ್ಣೊರೆಸಿಕೊಂಡ ತಾಯಿಯನ್ನು ಉಳಿಸಿ, ಧಾರೆಯ ಹೊತ್ತಿಗೆ ಫೋನಿನಲ್ಲಿ ಮಾತಾಡುತ್ತಿದ್ದ ಮದುಮಗನ ಅಣ್ಣನ ಮಾನ ಕಾಪಾಡಿ, ನೋಡುವವರಿಗೆ ಬೇಸರ ಬರದಷ್ಟು ಉದ್ದದ ಚೆಂದದ ಮದುವೆಯೊಂದನ್ನು ಅವಳು ಮಾಡಿಕೊಡಬೇಕು. ಕೋಟೇಶ್ವರದ ಪೇಟೆಯಲ್ಲಿ ನಡೆಯುವಾಗ ಅವಳಿಗೆ ಗುರುತಿನವರೇ ಎಲ್ಲ. ಇವರು ಹಾಲಾಡಿಯ ಮದುವೆಯಲ್ಲಿ ಸಿಟ್ಟು ಮಾಡಿಕೊಂಡು ಪಂಕ್ತಿಯಿಂದ ಎದ್ದ ಚಿಕ್ಕಪ್ಪ, ಅವರು ಶಂಕರನಾರಾಯಣದಲ್ಲಿ ಮದುಮಗಳಿಗಿಂತ ಹೆಚ್ಚು ಒಡವೆ ಹಾಕಿಕೊಂಡು ಬಂದ ಅತ್ತಿಗೆ. ಅವರ್‍ಯಾರಿಗೂ ಇವಳು ಯಾರೆಂದು ಗೊತ್ತಿಲ್ಲ, ಗೊತ್ತಾಗಬೇಕೆಂದು ಇವಳಿಗೆ ಆಸೆಯೂ ಇಲ್ಲ.

ಆಸೆ ಇದ್ದದ್ದು ಒಂದೇ, ಕೋಟೇಶ್ವರದ ಹೆದ್ದಾರಿ ಬದಿಯ ಕಟ್ಟಡದ ಮಾಳಿಗೆಯಲ್ಲಿದ್ದ ತನ್ನ ಕುರ್ಚಿಯ ಮೇಲೆ. ಸ್ಟುಡಿಯೋದ ಹೆಸರು ‘ಶ್ರೀವಿ ವಿಡಿಯೋಸ್’. ಶ್ರೀಲತಾಳ ಶ್ರೀ, ವಿನಯಾಳ ವಿ. ಇಬ್ಬರೂ ಕುಂದಾಪುರದ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕುಳಿತವರು. ವಿನಯಾಳ ಅಪ್ಪನಿಗೆ ಹಾಲಾಡಿಯಲ್ಲಿ ಜಿನಸಿನ ಅಂಗಡಿ. ಬಂಡವಾಳ ಅಲ್ಲಿಂದ ಬಂತು. ಶ್ರೀಲತಾ ತಂದದ್ದು ತನ್ನ ಕೈ ಮತ್ತು ಕಣ್ಣು. ಗಿರಾಕಿಗಳನ್ನು ಹಿಡಿಯುವುದು, ಮಾತಾಡಿಸುವುದು, ನಗಿಸುವುದು ವಿನಯಾಳ ಪಾಲು. ಬೆನ್ನು ಬಗ್ಗಿಸಿ ಕೂತು ಮದುವೆ ಕಟ್ಟುವುದು ಇವಳ ಪಾಲು. ಬೋರ್ಡಿನಲ್ಲಿ ತನ್ನ ಹೆಸರಿನ ಅಕ್ಷರ ಮೊದಲು ಬಂದಿದೆಯೆಂಬ ಹೆಮ್ಮೆ ಶ್ರೀಲತಾಳಿಗೆ ಒಳಗೊಳಗೇ ಇತ್ತು. ಕಾಗದಪತ್ರದಲ್ಲಿ ಎಲ್ಲವೂ ವಿನಯಾಳ ಹೆಸರಲ್ಲಿದ್ದರೂ ಅದನ್ನು ಅವಳು ಯಾವತ್ತೂ ಲೆಕ್ಕಕ್ಕೆ ತೆಗೆದುಕೊಂಡವಳಲ್ಲ. ಗೆಳತಿಯ ಹತ್ತಿರ ಎಂಥ ಕಾಗದ!

ಶ್ರೀಲತಾಳ ಅಮ್ಮ ರಾಜೀವಿ ಮೀನು ಮಾರುವವಳು. ಗಂಡ ಮುಂಬೈಯ ಹೋಟೆಲಿನಲ್ಲಿ ದುಡಿಯುತ್ತಲೇ ತೀರಿಕೊಂಡ ಮೇಲೆ ಬುಟ್ಟಿ ಹೊತ್ತವಳು ಇಳಿಸಿಲ್ಲ. ಗಂಗೊಳ್ಳಿಯ ಬಂದರಿನಿಂದ ಟೆಂಪೋದಲ್ಲಿ ಬಂದ ಮೀನನ್ನು ಬೀಜಾಡಿಯಲ್ಲೇ ಇಳಿಸಿಕೊಂಡು, ಮಗಳ ಸ್ಕೂಟಿಯಲ್ಲಿ ಕೋಟೇಶ್ವರದ ಮಾರುಕಟ್ಟೆಗೆ ಬರುತ್ತಿದ್ದಳು. ಬುಟ್ಟಿ ಮುಂದೆ ಕಾಲಿಡುವಲ್ಲಿ, ಅಮ್ಮ ಹಿಂದೆ, ನಡುವೆ ಶ್ರೀಲತಾ. ದಾರಿಯುದ್ದಕ್ಕೂ ಇಬ್ಬರದೂ ಬಾಯಿ ನಿಲ್ಲುತ್ತಿರಲಿಲ್ಲ. ಮನೆಯಲ್ಲಿ ಆಡಲು ಪುರುಸೊತ್ತಿಲ್ಲದ ಮಾತೆಲ್ಲ ಆ ಸ್ಕೂಟಿಯ ಮೇಲೆಯೇ ಆಗಬೇಕಿತ್ತು.

ಇನ್ನು ಡಬ್ಬದ ವಿಷಯ. ಮದುವೆಯ ವಿಡಿಯೋಗಳೆಂದರೆ ಸಣ್ಣ ಗಂಟಲ್ಲ. ಅವನ್ನು ತುಂಬಿಡುವುದಕ್ಕೆ ಹಾರ್ಡ್ ಡಿಸ್ಕುಗಳು ಬೇಕು. ಸ್ಟುಡಿಯೋದಲ್ಲಿ ನಾಲ್ಕು ಡಿಸ್ಕುಗಳನ್ನು ಒಟ್ಟಿಗೆ ಕೂರಿಸಿದ ಒಂದು ಕಬ್ಬಿಣದ ಪೆಟ್ಟಿಗೆಯಿತ್ತು. ಅದಕ್ಕೆ ಇಂಗ್ಲಿಷಿನಲ್ಲಿ ಏನೋ ದೊಡ್ಡ ಹೆಸರಿದೆ, ಇವರಿಬ್ಬರಿಗೂ ಅದು ಡಬ್ಬ. ಮಳೆಗಾಲದಲ್ಲಿ ಡಬ್ಬಕ್ಕೆ ಅರ್ಧ ದಿನ ರಜೆ. ಮದುವೆಯ ಸೀಸನ್ನಿನಲ್ಲಿ ಮಾತ್ರ ಅದಕ್ಕೆ ಉಸಿರು ಬಿಡಲು ಬಿಡುವಿಲ್ಲ. ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ನಕಲು, ಮೂರನೆಯದರಲ್ಲಿ ಕತ್ತರಿಸುವ ಕೆಲಸ, ನಾಲ್ಕನೆಯದಕ್ಕೆ ಆದ ಮದುವೆ ತುಂಬುವುದು, ಹೀಗೆ ಎಲ್ಲವೂ ಒಟ್ಟೊಟ್ಟಿಗೆ ತಿರುಗುತ್ತಿರಬೇಕು.

ಆ ವರ್ಷದ ಸೀಸನ್ ಜೋರಿತ್ತು. ಒಂದು ಮಧ್ಯಾಹ್ನ ವಿನಯಾ ಫೋನಿಟ್ಟು ಮೂಗು ಎಳೆದಳು.

“ಎಂತದ್ ಮಾರಾಯ್ತಿ ಇದ್, ಮೀನ್ ಎಲ್ಲಿಂದ ಬಂತ್?”

ಹೌದು, ವಾಸನೆ ಮೀನಿನದೇ. ತಾಜಾ ಮೀನಿನದಲ್ಲ, ಬಿಸಿಲಿಗಿಟ್ಟು ಮರೆತುಹೋದ ಮೀನಿನದು. ಬೇರೆ ಯಾವುದಾದರೂ ಊರಾಗಿದ್ದರೆ, ಮುಚ್ಚಿದ ಎಸಿ ರೂಮಿನಲ್ಲಿ ಮೀನು ಹೇಗೆ ಬಂದೀತು ಎಂದು ತಲೆ ಕೆರೆದುಕೊಂಡು ವಯರೋ ಪ್ಲಗ್ಗೋ ನೋಡುತ್ತಿದ್ದರು. ನಮ್ಮ ಕಡಲಬದಿಯವರಿಗೆ ಆ ಕಷ್ಟವೇ ಇಲ್ಲ. ಇಲ್ಲಿ ಮೀನಿನ ವಾಸನೆ ಬಂತೆಂದರೆ ಅದು ಮೀನೇ; ಎಲ್ಲಿದೆ ಎಂದು ಹುಡುಕುವುದಷ್ಟೇ ಬಾಕಿ. ಇಬ್ಬರೂ ಹುಡುಕಿದರು. ಬೆಕ್ಕು ಬಂಗ್ಡೆಯ ತಲೆಯನ್ನು ತಗಡಿನ ಸಂದಿಯಲ್ಲಿ ಅಡಗಿಸಿಟ್ಟಿರಬೇಕೆಂದು ಸೀಲಿಂಗಿನ ಹಲಗೆ ಕಳಚಿಸಿದರು. ಸಿಕ್ಕಿದ್ದು ಕಣಜದ ಗೂಡು ಮತ್ತು ಯಾರದೋ ಕ್ರಿಕೆಟ್ ಚೆಂಡು. ಕೆಳಗಿನ ಮೀನೂಟದ ಹೋಟೆಲಿನ ಭೋಜಣ್ಣನ ಹತ್ತಿರ ಜಗಳಕ್ಕೇ ಹೋದರು. ಭೋಜಣ್ಣ ಮೆಟ್ಟಿಲು ಹತ್ತಿ ಬಂದು, ರೂಮಿನ ನಡುವೆ ನಿಂತು ಮೂಸಿ, ತೀರ್ಪು ಕೊಟ್ಟ.

“ನನ್ ಹೋಟ್ಲಿಂದ ಬಪ್ಪುದ್ ಮಸಾಲಿ ವಾಸ್ನಿ. ಅದ್ ಬಂದ್ರೆ ಹಸಿವ್ ಆತ್ತ್. ಇದ್ ಬಂದ್ರೆ ಹಸಿವ್ ಹೋತ್ತ್. ಇದ್ ನನ್ದಲ್ಲ.”

ಮಾತು ಸರಿಯಿತ್ತು. ಇಬ್ಬರೂ ನಕ್ಕು ಸುಮ್ಮನಾದರು. ವಾಸನೆ ಸುಮ್ಮನಾಗಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆದಾಗ ಇರುವುದಿಲ್ಲ, ಶ್ರೀಲತಾ ಬಂದು ಕೂತು ಕೆಲಸ ಬಿರುಸಾಗುತ್ತಿದ್ದಂತೆ ಮೆಲ್ಲನೆ ಏಳುತ್ತದೆ, ಮಧ್ಯಾಹ್ನಕ್ಕೆ ರೂಮು ತುಂಬುತ್ತದೆ, ಅವಳು ಎದ್ದುಹೋದ ಮೇಲೆ ಇಳಿಯುತ್ತದೆ.

ಈ ನಡುವೆ ಬೈಂದೂರಿನಲ್ಲಿ ಸೋದರಮಾವನ ಮನೆಯ ಗೃಹಪ್ರವೇಶವೆಂದು ಶ್ರೀಲತಾ ಒಂದು ದಿನ ರಜೆ ಹಾಕಿದಳು. ಆ ದಿನ ವಿನಯಾ ಒಬ್ಬಳೇ ಎಸಿ ಹಾಕಿಕೊಂಡು ಕೂತು ಗಿರಾಕಿಗಳಿಗೆ ಫೋನು ಮಾಡಿದಳು. ವಾಸನೆ ಬರಲಿಲ್ಲ. ಡಬ್ಬವೂ ಆ ದಿನ ತಿರುಗಲಿಲ್ಲ ಎಂಬುದು ಅವಳಿಗೆ ಹೊಳೆಯಲಿಲ್ಲ. ಯಾಕೆ ಹೊಳೆಯಬೇಕು? ಕಣ್ಣೆದುರು ಮೀನು ಮಾರುವವಳ ಮಗಳು ಇರುವಾಗ ಡಬ್ಬದ ಕಡೆ ಯಾರು ನೋಡುತ್ತಾರೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವವರು ಎಮ್ಮೆಯನ್ನು ದೂರದಿಂದ ಹುಡುಕಿ ತರುವುದಿಲ್ಲ. ಹತ್ತಿರ ಕಟ್ಟಿರುವುದನ್ನೇ ಹಿಡಿಯುತ್ತಾರೆ.

ಮರುದಿನ ಶ್ರೀಲತಾಳ ಮೇಜಿನ ಮೇಲೆ ಬಣ್ಣದ ಕಾಗದ ಸುತ್ತಿದ ಒಂದು ಸೆಂಟಿನ ಬಾಟಲಿಯಿತ್ತು.

“ಎಂತಕ್ಕೆ ಇದ್? ನನ್ ಹುಟ್ಟಿದ್ ಹಬ್ಬ ಇನ್ನೂ ದೂರ ಇತ್ತಲೆ” ಎಂದು ಶ್ರೀಲತಾ ಖುಷಿಯಿಂದಲೇ ಬಿಚ್ಚಿದಳು.

ವಿನಯಾ ಅವಳ ಪಕ್ಕದ ಕುರ್ಚಿ ಎಳೆದು ಕೂತಳು. ಕೈಯನ್ನೂ ಹಿಡಿದುಕೊಂಡಳು. “ಶ್ರೀ, ಬೇಜಾರ್ ಮಾಡ್ಕಣ್ಬೇಡ. ನೀ ಬೈಂದೂರಿಗ್ ಹೋದ್ ದಿನ ಇಲ್ಲ್ ವಾಸ್ನಿ ಇರ್ಲಿಲ್ಲೆ.”

ಶ್ರೀಲತಾಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮುಖ ಬಿಸಿಯಾಯಿತು. “ನಾ ದಿನಾ ಮಿಂದೇ ಬಪ್ಪುದಲ್ದಾ ವಿನಯಾ?”

“ಮೀತೆ ಮಾರಾಯ್ತಿ, ಇಲ್ಲೆ ಅಂದ್ನಾ? ಆದ್ರೆ ಬೆಳಿಗ್ಗೆ ರಾಜೀವಕ್ಕನ ಹಿಂದೆ ಕೂರ್ಸ್ಕಂಡ್, ಬುಟ್ಟಿ ಮುಂದ್ ಇಟ್ಕಂಡ್ ಬತ್ತೆ. ಬಟ್ಟಿಗೆ ಹಿಡಿತ್ ಕಾಣ್. ಆಮೇಲೆ ಎಸಿ ರೂಮಂಗೆ ಕೂತ್ರೆ ಎಲ್ಲಾ ಎದ್ದ್ ಬತ್ತ್. ನಿಂಗೆ ದಿನಾ ಅದೇ ಆಯ್ತಲೆ, ನಿನ್ ಮೂಗಿಗ್ ಗೊತ್ತಾತಿಲ್ಲೆ.”

ಇದನ್ನು ಹೇಳಿದವಳು ಯಾರು? ಮೀನಿನ ಪದಾರ್ಥವಿಲ್ಲದೆ ಅನ್ನ ಕಲಸಲು ಬಾರದವಳು. ಎಷ್ಟೋ ಭಾನುವಾರ ಬೀಜಾಡಿಗೆ ಬಂದು, ರಾಜೀವಿ ಹುರಿದ ಬೈಗೆ ಮೀನನ್ನು ಮುಳ್ಳು ಸಮೇತ ಜಗಿದು, ಬೆರಳು ನೆಕ್ಕಿ, “ರಾಜೀವಕ್ಕ, ಇನ್ನೊಂದ್ ಹಾಕಿ” ಎಂದವಳು. ನಮ್ಮವರ ನ್ಯಾಯ ಯಾವತ್ತೂ ಹೀಗೆಯೇ. ಬಟ್ಟಲಿಗೆ ಮೀನು ಬೇಕು, ಬುಟ್ಟಿ ಹೊತ್ತವಳು ಮಾತ್ರ ಗಾಳಿ ಬೀಸುವ ದಿಕ್ಕು ನೋಡಿ ನಿಲ್ಲಬೇಕು.

ಶ್ರೀಲತಾಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ನಾಚಿಕೆಯಾಯಿತು. ಸಿಟ್ಟಾದರೆ ಎದುರಿನವರನ್ನು ಸುಡುತ್ತದೆ. ನಾಚಿಕೆ ತನ್ನನ್ನೇ ಸುಡುವುದು. ಗೆಳತಿ ಸುಳ್ಳು ಹೇಳುವವಳಲ್ಲ, ಕೈ ಹಿಡಿದುಕೊಂಡು ಬೇರೆ ಹೇಳಿದ್ದಾಳೆ, ಅದಕ್ಕೆ ಪುರಾವೆಯೂ ಇದೆ. ಅವಳು ರಜೆ ಹಾಕಿದ ದಿನ ವಾಸನೆಯೂ ರಜೆ ಹಾಕಿತ್ತಲ್ಲ! ಆ ದಿನದಿಂದ ಶ್ರೀಲತಾ ಎರಡು ಸಲ ಮೀಯತೊಡಗಿದಳು. ತಲೆಗೆ ಶಾಂಪೂ, ಮೈಗೆ ಸೆಂಟು. ತಿನ್ನುವುದರಲ್ಲಿ ಮೀನು ಬಿಟ್ಟಳು. ಕೂತಲ್ಲಿ ನಿಂತಲ್ಲಿ ಚೂಡಿದಾರದ ತೋಳು ಮೂಸಿಕೊಳ್ಳುವ ಚಾಳಿ ಬಿತ್ತು. ಬಸ್ಸಿನಲ್ಲಿ ಪಕ್ಕದವರು ಕಿಟಕಿ ಸರಿಸಿದರೂ ಎದ್ದು ಬೇರೆ ಸೀಟಿಗೆ ಹೋಗುತ್ತಿದ್ದಳು. ಕೊನೆಗೆ ಒಂದು ಬೆಳಿಗ್ಗೆ, ಬುಟ್ಟಿ ಹಿಡಿದು ಅಂಗಳದಲ್ಲಿ ನಿಂತ ಅಮ್ಮನ ಮುಖ ನೋಡದೆ ಹೇಳಿದಳು.

“ಅಬ್ಬಿ, ನಾಳಿಂದ ನಾ ಬೇಗ ಹೋಯ್ಕ್. ಕೆಲ್ಸ ಜಾಸ್ತಿ ಇತ್ತ್. ನೀ ಕುಷ್ಟನ ರಿಕ್ಷಾದಂಗೆ ಬಾ, ನಿಂಗೂ ಆರಾಮ್.”

ರಾಜೀವಿ ಮಗಳನ್ನು ನೋಡಿದಳು. ಮಗಳ ಮೈಯಿಂದ ಬರುತ್ತಿದ್ದ ಸೆಂಟಿನ ಘಮವೂ ಅವಳಿಗೆ ತಾಗಿರಬೇಕು. “ಆಯ್ತ್ ಮಗಾ” ಎಂದಳು. ಮೀನಿನ ವ್ಯಾಪಾರದಲ್ಲಿ ಗಂಡಸರನ್ನೂ ಮಾತಲ್ಲಿ ಮಣ್ಣು ಮುಕ್ಕಿಸುವ ಹೆಂಗಸು ಅಷ್ಟೇ ಹೇಳಿ ಒಳಗೆ ಹೋದಳು. ಸಂಜೆ ಬಟ್ಟೆ ಒಣಗಿಸುವಾಗ ಶ್ರೀಲತಾ ನೋಡಿದಳು, ತನ್ನ ಬಟ್ಟೆಯ ಹಗ್ಗದಿಂದ ಅಮ್ಮನ ಸೀರೆಗಳು ಕಾಣೆಯಾಗಿದ್ದವು. ಮನೆಯ ಹಿಂದೆ, ತೆಂಗಿನ ಮರದಿಂದ ಮರಕ್ಕೆ ಅಮ್ಮ ತನ್ನ ಸೀರೆಗೆ ಬೇರೆ ಹಗ್ಗ ಕಟ್ಟಿಕೊಂಡಿದ್ದಳು.

ಇಷ್ಟಾದರೂ ವಾಸನೆ ಹೋಯಿತೇ? ಇನ್ನೂ ಜೋರಾಯಿತು. ಮೇ ತಿಂಗಳ ಕೊನೆಯ ಹೊತ್ತಿಗೆ ಡಬ್ಬ ಬೆಳಿಗ್ಗೆಯಿಂದ ಸಂಜೆಯವರೆಗೆ ತಿರುಗುತ್ತಿತ್ತು. ಒಂದು ಮಧ್ಯಾಹ್ನ ಬ್ರಹ್ಮಾವರದ ವಿಜೇತಾ ಎಂಬ ಹೊಸ ಮದುಮಗಳು ತನ್ನ ಅತ್ತೆಯ ಜೊತೆ ತನ್ನ ಮದುವೆ ನೋಡಲು ಬಂದಳು. ಶ್ರೀಲತಾ ಆ ಮದುವೆಯನ್ನು ಬಹಳ ಪ್ರೀತಿಯಿಂದ ಕಟ್ಟಿದ್ದಳು. ತೆರೆಯ ಮೇಲೆ ಧಾರೆ ಎರೆಯುತ್ತಿದ್ದ ಹೊತ್ತಿಗೆ ವಿಜೇತಾ ಸೆರಗು ಮೂಗಿಗೆ ಒತ್ತಿಕೊಂಡಳು.

“ಇಲ್ಲ್ ಎಂತದೋ ವಾಸ್ನಿ ಬತ್ತಿತ್ತಲೆ?”

ವಿನಯಾ ಶ್ರೀಲತಾಳ ಕಡೆ ನೋಡಿದಳು. ಆಮೇಲೆ ನಕ್ಕಳು, ಗಿರಾಕಿಗಳಿಗೆಂದೇ ಇಟ್ಟುಕೊಂಡ ಆ ನಗೆ. “ಬೇಜಾರ್ ಮಾಡ್ಕಣ್ಬೇಡಿ. ನಮ್ ಎಡಿಟರ್ ಮೀನಿನವ್ರ ಮನಿಯವ್ರ್. ಎಷ್ಟ್ ತೊಳ್ಕಂಡ್ರೂ ಒಂಚೂರ್ ಇರತ್ತ್. ಕೆಲ್ಸ ಮಾತ್ರ ಚಿನ್ನ.”

ಅತ್ತೆ “ಓ, ಹಾಂಗಾ” ಎಂದು ಕುರ್ಚಿಯನ್ನು ಆಚೆಗೆ ಸರಿಸಿದಳು. ಕುರ್ಚಿ ನೆಲಕ್ಕೆ ಉಜ್ಜಿದ ಸದ್ದು ಶ್ರೀಲತಾಳ ಹಲ್ಲಿನವರೆಗೆ ಬಂತು. ಚಿನ್ನ ಎಂದ ಮಾತು ಕಿವಿಗೆ ಬೀಳಲೇ ಇಲ್ಲ. ತೆರೆಯ ಮೇಲೆ ಧಾರೆ ಮುಗಿದು ಎಲ್ಲರೂ ಅಕ್ಷತೆ ಹಾಕುತ್ತಿದ್ದರು. ಅವಳು ಮೌಸಿನ ಮೇಲೆ ಕೈಯಿಟ್ಟುಕೊಂಡು, ಹಿಂದೆ ತಿರುಗದೆ, ಮುಗಿಯುವವರೆಗೂ ಕೂತಳು. ನಾಲ್ಕು ಜನರೆದುರು ಹೀಗೆ ಬೆತ್ತಲೆ ನಿಲ್ಲಿಸುವ ಬದಲು ಕೆನ್ನೆಗೆ ಎರಡು ಬಾರಿಸಿದ್ದರೂ ವಾಸಿಯಿತ್ತು ಅನ್ನಿಸಿತು.

ಅದಾಗಿ ಸ್ವಲ್ಪ ದಿನಕ್ಕೆ ವಿನಯಾ ಇನ್ನೊಂದು ಉಪಕಾರ ಮಾಡಿದಳು. “ಮಳಿಗಾಲ ಶುರುವಾಯ್ತ್. ನೀ ಎಂತಕ್ಕೆ ದಿನಾ ಒದ್ದೆಯಾಯ್ಕ್? ಕಂಪ್ಯೂಟರ್, ಡಬ್ಬ ಎಲ್ಲಾ ಮನಿಗೇ ಕಳ್ಸ್ತೆ. ಆರಾಮಂಗೆ ಮನಿಯಂಗೆ ಕೂತ್ ಮಾಡ್. ಪಗಾರ ಅಷ್ಟೇ.” ಪಗಾರ! ಇಬ್ಬರದೂ ಎಂದುಕೊಂಡ ಸ್ಟುಡಿಯೋದಲ್ಲಿ ಪಗಾರ ಎಂಬ ಮಾತು ಶ್ರೀಲತಾಳ ಕಿವಿಗೆ ಮೊದಲ ಸಲ ಬಿದ್ದಿತ್ತು. ಆದರೂ ತಲೆಯಾಡಿಸಿದಳು. ತನ್ನಿಂದ ಆಗುತ್ತಿರುವ ತೊಂದರೆಯನ್ನು ಗೆಳತಿ ಇಷ್ಟು ನಾಜೂಕಾಗಿ ನೀಗಿಸುತ್ತಿದ್ದಾಳೆ ಎಂದೇ ಅವಳಿಗೆ ಅನ್ನಿಸಿತು. ಸಾಮಾನೆಲ್ಲ ರಿಕ್ಷಾಕ್ಕೆ ಏರಿತು. ಬೋರ್ಡು ಅಲ್ಲೇ ಉಳಿಯಿತು, ಕುರ್ಚಿಯೂ.

ಬೀಜಾಡಿಯ ಮನೆಯ ಸಣ್ಣ ಕೋಣೆಯಲ್ಲಿ ಡಬ್ಬ ತಿರುಗತೊಡಗಿದ ಮೊದಲ ದಿನವೇ ವಾಸನೆ ಬಂತು. ರಾಜೀವಿ ಬಾಗಿಲಲ್ಲಿ ನಿಂತು ಮೂಗರಳಿಸಿದಳು. ಅವಳೂ ಈ ಕಡಲಬದಿಯವಳೇ ತಾನೇ. ಮೀನಿನ ವಾಸನೆಯೆಂದರೆ ಮೀನು, ಮೀನೆಂದರೆ ತಾನು. ಬುಟ್ಟಿಯನ್ನು ಎತ್ತಿಕೊಂಡು ಹೋಗಿ ಬಚ್ಚಲಿನಾಚೆ ಇಟ್ಟಳು. ನೆಲಕ್ಕೆ ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿದಳು. ತನ್ನ ಚಾಪೆಯನ್ನು ಜಗಲಿಗೆ ಸಾಗಿಸಿದಳು. ಮಗಳಿಗೆ ಊಟ ಬಡಿಸುವಾಗ ಪಾತ್ರೆಯನ್ನು ದೂರದಿಂದಲೇ ಸರಿಸಿ ಹಿಂದೆ ಹೋಗುತ್ತಿದ್ದಳು. ಆಮೇಲೆ ಯಾಂತ್ರಿಕ ಬೋಟುಗಳು ಮಳೆಗಾಲಕ್ಕೆ ದಡ ಸೇರಿ ಮಾರುಕಟ್ಟೆ ಬರಿದಾದಾಗ, “ಅಣ್ಣನ ಮನಿಗ್ ಹೋಯಿ ಇದ್ದ್ ಬತ್ತೆ. ನಿಂಗೂ ಕೆಲ್ಸಕ್ಕೆ ಸಮಾ ಆತ್ತ್” ಎಂದು ಬೈಂದೂರಿಗೆ ಹೊರಟುಹೋದಳು. ಹೋಗುವಾಗ ಒಣಮೀನಿನ ಡಬ್ಬಿಗಳನ್ನೂ ಗಂಟು ಕಟ್ಟಿಕೊಂಡು ಹೋಗಿದ್ದಳು.

ಹೀಗೆ ಆ ಮನೆಯಲ್ಲಿ ಒಂದು ಚೂರು ಮೀನಿಲ್ಲ, ಮೀನು ಮುಟ್ಟಿದವರೂ ಇಲ್ಲ. ಶ್ರೀಲತಾ ಹುರುಳಿ ಸಾರಲ್ಲಿ ಉಂಡು, ಮಿಂದು, ಕೂತು, ರಾಶಿಬಿದ್ದ ಮದುವೆಗಳನ್ನು ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಹಾಕಲು ಬಿಟ್ಟಳು. ಸ್ವಲ್ಪ ಹೊತ್ತಿಗೆ ಬಂತು, ಅದೇ ವಾಸನೆ.

ಮಂಚದಡಿ ನೋಡಿದಳು, ಅಡುಗೆಮನೆ ಮೂಸಿದಳು, ತನ್ನ ತೋಳು ಮೂಸಿದಳು. ಎಲ್ಲೂ ಇಲ್ಲ. ಹಾಗೇ ಮೂಗು ಹಿಡಿದ ದಾರಿಯಲ್ಲಿ ಬಂದರೆ ಡಬ್ಬದ ಹಿಂಭಾಗ. ಬಗ್ಗಿದಳು. ತಲೆ ತಿರುಗುವಷ್ಟು ಘಾಟು. ಡಬ್ಬ ನಿಲ್ಲಿಸಿ ಕಿಟಕಿ ತೆಗೆದು ಕಾದಳು, ವಾಸನೆ ಇಳಿಯಿತು. ಒಂದೇ ಡಿಸ್ಕು ಓಡಿಸಿದಳು, ಇಲ್ಲ. ಎರಡು, ಇಲ್ಲ. ನಾಲ್ಕಕ್ಕೂ ಒಟ್ಟಿಗೆ ಕೆಲಸ ಕೊಟ್ಟು ಕಾದಳು. ಸತ್ತ ಮೀನು ಎದ್ದು ಬಂದು ಎದುರಿಗೆ ಕೂತ ಹಾಗಾಯಿತು!

ಶ್ರೀಲತಾ ನೆಲದ ಮೇಲೆ ಕೂತು ಜೋರಾಗಿ ನಕ್ಕಳು, ನಗುತ್ತಲೇ ಅತ್ತಳು. ನಾನಲ್ಲ! ನನ್ನ ಮೈಯಲ್ಲ, ಬಟ್ಟೆಯಲ್ಲ, ಈ ಹಾಳು ಡಬ್ಬ! ಮೊದಲು ನೆನಪಾದದ್ದು ವಿನಯಾಳೇ. ಪಾಪ, ಅವಳಿಗೆ ಎಷ್ಟು ಸಮಾಧಾನವಾದೀತು, ತಪ್ಪಾಯಿತೆಂದು ಎಷ್ಟು ಅತ್ತಾಳು, ನಾನೇ ಸಮಾಧಾನ ಮಾಡಬೇಕಾದೀತು. ಮೊದಲು ಸರಿಮಾಡಿಸಿ, ಆಮೇಲೆ ಹೇಳಿ ಬೆರಗುಗೊಳಿಸೋಣ ಎಂದು ಡಬ್ಬವನ್ನು ಗೋಣಿಯಲ್ಲಿ ಸುತ್ತಿ, ಸ್ಕೂಟಿಯಲ್ಲಿಟ್ಟು, ಮಳೆಯಲ್ಲೇ ಕುಂದಾಪುರಕ್ಕೆ ಹೋದಳು. ಸ್ಟುಡಿಯೋದ ಕಂಪ್ಯೂಟರುಗಳನ್ನು ರಿಪೇರಿ ಮಾಡುವ ರೋಷನನ ಅಂಗಡಿ ಅಲ್ಲಿದೆ.

ರೋಷನ್ ಡಬ್ಬ ನೋಡಿದ್ದೇ ಹುಬ್ಬು ಗಂಟಿಕ್ಕಿದ. “ಇದ್ನ್ ಇನ್ನೂ ಓಡಿಸ್ತಾ ಇದ್ರ್ಯಾ ಶ್ರೀಲತಕ್ಕ? ಬದಲ್ಸ್ಕ್ ಅಂದೇಳಿ ನಾ ಅವತ್ತೇ ಹೇಳಿದ್ನಲೆ!”

“ಯಾರಿಗ್ ಹೇಳಿದ್ದ್?”

“ವಿನಯಕ್ಕನಿಗೆ. ಒಂದ್ಸಲ ನೀವ್ ಮನಿಗ್ ಹೋದ್ಮೇಲೆ ನನ್ನ್ ಕರ್ದಿರ್. ಪ್ರಿಂಟರ್ ಕಾಂಬುಕ್ ಬಂದದ್ದ್ ನಾನ್. ನೀವ್ ನಕಲಿಗ್ ಹಾಕಿಟ್ಟ್ ಹೋದ್ ಡಬ್ಬ ಓಡ್ತಾ ಇದ್ದಿತ್ತ್, ವಾಸ್ನಿ ಬಂತ್. ತೆಗ್ದ್ ತೋರ್ಸಿದ್ದೆ ಅವ್ರಿಗೆ.” ಮಾತಾಡುತ್ತಲೇ ಅವನು ತಿರುಪು ಬಿಚ್ಚಿ ಮುಚ್ಚಳ ತೆಗೆದ. ನಾಲ್ಕು ಡಿಸ್ಕಿಗೂ ಒಂದೇ ವಯರಿನಿಂದ ಕವಲೊಡೆದು ಕರೆಂಟು ಹೋಗುತ್ತಿತ್ತು. ಕವಲಿನ ಕಡೆ ಬಿಳಿ ಪ್ಲಾಸ್ಟಿಕ್ಕು ಕಂದಾಗಿ ಮೆತ್ತಗೆ ಕರಗಿತ್ತು. “ಕಾಣಿ. ನಾಲ್ಕೂ ಒಟ್ಟಿಗೆ ತಿರ್ಗಿದ್ರೆ ಈ ವಯರಿಗ್ ತಡಿತಿಲ್ಲೆ, ಬಿಸಿಯಾತ್ತ್. ಈ ನಮೂನಿ ಪ್ಲಾಸ್ಟಿಕ್ ಬೆಂದ್ರೆ ಮೀನ್ ವಾಸ್ನಿಯೇ ಬಪ್ಪುದ್. ಹೀಂಗೇ ಬಿಟ್ರೆ ಒಂದಿನ ಬೆಂಕಿ ಹಿಡಿತ್, ಡಿಸ್ಕೂ ಹೋತ್ತ್ ಅಂದೇಳಿ ಹೇಳಿದ್ದೆ.”

“ಅದ್ ಯಾವಾಗ ರೋಷನ್?”

“ಭಾವನ ಮದಿಗೆ ನಾ ಬ್ರಹ್ಮಾವರಕ್ ಹೋಪುಕ್ ಇದ್ದಿತ್ತಲೆ, ಅದಕ್ಕಿಂತ ಮುಂಚೆ. ವಿಜೇತಾ ಅಂದೇಳಿ ಹೆಣ್ಣ್. ಆ ಮದಿ ವಿಡಿಯೋ ನಿಮ್ದೇ ಅಲ್ದಾ?”

ಶ್ರೀಲತಾ ಅಂಗಡಿಯ ಸ್ಟೂಲಿನ ಮೇಲೆ ಕೂತಳು. ವಿಜೇತಾಳ ಮದುವೆಗಿಂತ ಮುಂಚೆ. ಅಂದರೆ ಅವಳು ಸೆರಗು ಮೂಗಿಗೆ ಒತ್ತಿಕೊಂಡು ಕೇಳಿದ ದಿನ ವಿನಯಾಳಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೇ ತನ್ನ ಕಡೆ ನೋಡಿದ್ದಳು, ಗೊತ್ತಿದ್ದೇ ನಕ್ಕಿದ್ದಳು. ಗೊತ್ತಿದ್ದೇ, ಬೆಂಕಿ ಹಿಡಿಯಬಹುದಾದ ಡಬ್ಬವನ್ನು ರಿಕ್ಷಾಕ್ಕೆ ಏರಿಸಿ ತನ್ನ ಮನೆಗೆ ಕಳಿಸಿದ್ದಳು. ರೋಷನ್ ಹೊಸ ವಯರು ಹಾಕುತ್ತಾ ಏನೇನೋ ವಿವರಿಸುತ್ತಿದ್ದ. ಅವಳಿಗೆ ಒಂದೂ ಕೇಳಿಸಲಿಲ್ಲ. ಹೊರಡುವಾಗ ಸುಟ್ಟ ವಯರಿನ ತುಂಡನ್ನು ಕೇಳಿ ತೆಗೆದುಕೊಂಡಳು.

ಮರುದಿನ ಡಬ್ಬ, ಡಿಸ್ಕು, ಕಂಪ್ಯೂಟರು ಎಲ್ಲವನ್ನೂ ಕುಷ್ಟನ ರಿಕ್ಷಾಕ್ಕೆ ಹಾಕಿ ಸ್ಟುಡಿಯೋಕ್ಕೆ ತಂದಳು. ಒಂದು ಮದುವೆಯೂ ಹಾಳಾಗಿರಲಿಲ್ಲ. ಅವಳ ಕುರ್ಚಿಯಲ್ಲಿ ಯಾರೂ ಕೂತಿರಲಿಲ್ಲ. ಅದರ ಮೇಲೆ ಆಲ್ಬಮ್ಮುಗಳನ್ನು ಪೇರಿಸಿಟ್ಟಿದ್ದರು. ಸುಟ್ಟ ವಯರಿನ ತುಂಡನ್ನು ವಿನಯಾಳ ಮುಂದಿಟ್ಟು ನಿಂತಳು.

ವಿನಯಾ ತುಂಡು ನೋಡಿದಳು. ಗೊತ್ತಿಲ್ಲದ ನಾಟಕ ಮಾಡಬಹುದಿತ್ತು, ಮಾಡಲಿಲ್ಲ. ಅಷ್ಟು ಮರ್ಯಾದೆಯನ್ನಾದರೂ ಕೊಟ್ಟಳು.

“ಮೊದಲ್ ನಂಗೂ ಗೊತ್ತಿರ್ಲಿಲ್ಲೆ ಶ್ರೀ, ಆಣೆ. ರೋಷನ್ ಹೇಳ್ದ್ಮೇಲೆ ಗೊತ್ತಾದ್ದ್. ಅಷ್ಟೊತ್ತಿಗೆ ನಿಂಗೆ ಸೆಂಟ್ ಕೊಟ್ಟಾಯ್ತ್, ಮಾತ್ ಆಡಿ ಆಯ್ತ್. ಆಡಿದ್ ಮಾತ್ ವಾಪಸ್ ತಕಂಬುದ್ ಹ್ಯಾಂಗೆ ಅಂದೇಳಿ ಗೊತ್ತಾಯ್ಲಿಲ್ಲೆ. ವಯರ್ ಬದಲ್ಸಿದ್ರೆ ನಿಂಗೆ ಎಲ್ಲಾ ಗೊತ್ತಾತಿತ್ತ್.”

“ಅದ್ ಬಿಡ್. ವಿಜೇತಾ ಎದ್ರಿಗ್ ಎಂತಕ್ ಹೇಳ್ದೆ?”

“ಮತ್ತೆಂತ ಹೇಳ್ಕಿತ್ತ್ ನಾನ್?” ವಿನಯಾಳ ದನಿ ಏರಿತು. “ಡಿಸ್ಕ್ ಸುಡ್ತಾ ಇತ್ತ್, ನಿಮ್ ಮದಿ ಅದ್ರಂಗೇ ಇತ್ತ್ ಅಂತ ಹೇಳ್ಕಿತ್ತಾ? ಆ ಅತ್ತೆ ಬ್ರಹ್ಮಾವರ ತುಂಬ ಡಂಗುರ ಹೊಡಿತಿದ್ಳ್. ಮತ್ತೊಂದ್ ಮದಿ ನಮ್ ಕೈಗ್ ಸಿಕ್ಕುದಿತ್ತಾ? ಮೀನ್ ವಾಸ್ನಿಗ್ ಯಾರೂ ಹೆದ್ರುದಿಲ್ಲೆ. ಮೂಗ್ ಮುಚ್ಕಂತ್ರ್, ಮರ್ತ್ ಹೋತ್ರ್. ನೀ ನಮ್ಮವ್ಳೇ ಅಲ್ದಾ? ನಿನ್ ಮೇಲಲ್ದೆ ಬೇರೆ ಯಾರ್ ಮೇಲೆ ಹಾಕ್ಲಿ?”

ನಮ್ಮವಳು. ಈ ಮಾತಿಗಾಗಿ ಶ್ರೀಲತಾ ಇಷ್ಟು ವರ್ಷ ಬೆನ್ನು ಬಗ್ಗಿಸಿದ್ದಳು. ಸಿಕ್ಕಿದ್ದು ಹೀಗೆ. ಹೊರಗಿನವರಾಗಿದ್ದರೆ ವಿನಯಾ ಹೆದರಿಯಾದರೂ ಬಾಯಿ ಬಿಗಿ ಹಿಡಿಯುತ್ತಿದ್ದಳು. ನಮ್ಮವಳಾದ್ದರಿಂದ ಕಸ ಸುರಿಯಲು ಅಡ್ಡಿಯಿಲ್ಲ. ನಂಬಿದವರೇ ಕುತ್ತಿಗೆ ಕೊಯ್ಯುವುದು ಎಂದು ಹಿರಿಯರು ಹೇಳಿದ್ದು ಸುಮ್ಮನಲ್ಲ. ನಂಬದವರ ಕೈಗೆ ನಾವು ಕುತ್ತಿಗೆ ಕೊಡುವುದೇ ಇಲ್ಲವಲ್ಲ.

“ವಿಜೇತಾಗೆ ಫೋನ್ ಮಾಡ್. ಅದ್ ಇವ್ಳದ್ದಲ್ಲ, ಡಬ್ಬದ್ದ್ ಅಂದೇಳಿ ಹೇಳ್” ಎಂದಳು ಶ್ರೀಲತಾ.

“ಮುಗ್ದ್ ಹೋದ್ದ್ ಮಾರಾಯ್ತಿ ಅದ್. ಈಗಳ್ ಎಂತಕ್ಕೆ? ನಾಳಿಂದ ಬಾ ನೀನ್, ನಿನ್ ಕುರ್ಚಿ ಇಲ್ಲೇ ಇತ್ತ್.” ವಿನಯಾ ಎದ್ದು ಕುರ್ಚಿಯ ಮೇಲಿದ್ದ ಆಲ್ಬಮ್ಮುಗಳನ್ನು ತೆಗೆಯತೊಡಗಿದಳು. ಫೋನಿಗೆ ಕೈ ಹಾಕಲಿಲ್ಲ. ಶ್ರೀಲತಾ ಮೆಟ್ಟಿಲಿಳಿದಳು. ಆ ಕುರ್ಚಿಗೆ ಮತ್ತೆ ಹೋಗಲಿಲ್ಲ.

ಅಮ್ಮನಿಗೆ ಹೇಳಬೇಕೆಂಬ ಆತುರ ಅವಳಿಗೆ ಆಗಲೇ ಹತ್ತಿದ್ದು. ಹೇಳಿದರೆ ಎಲ್ಲ ಸರಿಯಾದೀತು, ಇಬ್ಬರೂ ಕೂತು ವಿನಯಾಳಿಗೆ ಹಿಡಿಶಾಪ ಹಾಕಿದರೆ ಮನಸ್ಸು ಹಗುರಾದೀತು ಅನ್ನಿಸಿತು. ಅಮ್ಮ ಬೈಂದೂರಿನಿಂದ ಬರುವ ದಿನ ಕೋಟೇಶ್ವರದ ಬಸ್ ನಿಲ್ದಾಣದಲ್ಲಿ ಸ್ಕೂಟಿ ನಿಲ್ಲಿಸಿಕೊಂಡು ಕಾದಳು. ರಾಜೀವಿ ಬಸ್ಸಿನಿಂದ ಇಳಿದಳು. ಕೈಯಲ್ಲಿ ಒಂದು ಕಟ್ಟು ಇತ್ತು. ಅತ್ತಿಗೆ ಕೊಟ್ಟ ಒಣಚಟ್ಲಿ, ಅಂದರೆ ಒಣಗಿಸಿದ ಸೀಗಡಿ ಇರಬೇಕು, ಪ್ಲಾಸ್ಟಿಕ್ಕಿನ ಮೇಲೆ ಪ್ಲಾಸ್ಟಿಕ್ಕು ಸುತ್ತಿದ್ದಳು. ಮಗಳನ್ನು ಕಂಡದ್ದೇ ಆ ಕಟ್ಟನ್ನು ಇನ್ನೊಂದು ಕೈಗೆ, ಮಗಳಿಂದ ದೂರದ ಕೈಗೆ, ಬದಲಾಯಿಸಿಕೊಂಡಳು.

“ನೀ ಎಂತಕ್ಕೆ ಬಂದೆ ಮಗಾ? ನಾ ಹ್ಯಾಂಗಾರೂ ಬತ್ತಿದ್ದೆ.”

“ಅಬ್ಬಿ, ಅದ್ ನಮ್ ವಾಸ್ನಿ ಅಲ್ಲ!” ಶ್ರೀಲತಾ ರಸ್ತೆಯೆಂದೂ ನೋಡದೆ ಎಲ್ಲವನ್ನೂ ಸುರಿದಳು. ಡಬ್ಬ, ವಯರು, ರೋಷನ್ ಹೇಳಿದ್ದು, ವಿನಯಾ ಗೊತ್ತಿದ್ದೂ ಮುಚ್ಚಿಟ್ಟದ್ದು, ಬ್ರಹ್ಮಾವರದವರ ಎದುರು ಆಡಿದ್ದು. “ಕಂಡ್ಯಾ ಅಬ್ಬಿ ಅವ್ಳ್ ಮಾಡಿದ್ದ್? ನಮ್ಮನಿ ಅನ್ನ ಉಂಡವ್ಳ್!”

ರಾಜೀವಿ ಎಲ್ಲವನ್ನೂ ಕೇಳಿದಳು. ಮಗಳು ಕಾದಿದ್ದ ಶಾಪ ಅವಳ ಬಾಯಿಂದ ಬರಲಿಲ್ಲ.

“ಅವ್ಳ್ ಹೊರ್ಗಿನವ್ಳ್, ಹೇಳಿಳ್. ಹೇಳ್ಲಿ” ಎಂದಳು. “ನೀ ಹ್ಯಾಂಗ್ ನಂಬ್ದೆ ಮಗಾ? ಕಾಲೇಜಿಗ್ ಹೋಪಲ್ಲಿವರಿಗೂ ನನ್ ಸೆರಗ್ ಹೊದ್ಕಂಡೇ ಮನಿಕಂತಿದ್ದೆ ನೀನ್. ನನ್ ವಾಸ್ನಿ ಹ್ಯಾಂಗಿರತ್ತ್ ಅಂದೇಳಿ ನಿಂಗೆ ಗೊತ್ತಿರ್ಲಿಲ್ಯಾ?”

ಶ್ರೀಲತಾ ಸ್ಕೂಟಿಯ ಹಿಂದಿನ ಸೀಟನ್ನು ಕೈಯಿಂದ ಒರೆಸಿದಳು. ರಾಜೀವಿ ಕಟ್ಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಬೀಜಾಡಿಯ ದಾರಿಯಲ್ಲಿ ನಡೆಯತೊಡಗಿದಳು.